ಮೆಸ್ಸಿನಾ ಬೆಟ್ಟದ ‘ಫಾರೊ’ ಕೆಂಪು ವೈನ್ ಬಗ್ಗೆ ತಿಳಿದವರು ಹೇಳುವಿರಾ?

ಮಲಪ್ರಭಾ, ತುರಿನ್

ನಮಸ್ಕಾರ. ನಮ್ಮ ಕಚೇರಿಯಲ್ಲಿ ಸಿಸಿಲಿ ದ್ವೀಪದ ಮೆಸ್ಸಿನಾ ಊರಿನ ಗೆಳತಿಯೊಬ್ಬಳಿದ್ದಾಳೆ. ಈ ಸಲ ಊರಿಗೆ ಹೋಗಿ ಬಂದಾಗ ನನಗೆಂದು ಒಂದು ಬಾಟಲಿ ಕೆಂಪು ವೈನ್ ತಂದುಕೊಟ್ಟಳು. ಲೇಬಲ್ ಮೇಲೆ ‘ಫಾರೊ’ ಎಂದೂ ಅದರ ಜೊತೆಗೆ ‘ಪಲಾರಿ’ ಎಂದೂ ಇದೆ. ಕೊಯ್ಲಿನ ವರ್ಷ ನೋಡಿದರೆ ಬಾಟಲಿಗೆ ಹತ್ತು ವರ್ಷ ದಾಟಿದೆ. ‘ಯಾವುದೋ ಶುಕ್ರವಾರ ರಾತ್ರಿ ಪಿಜ್ಜಾ ಜೊತೆ ತೆರೆದುಬಿಡಬೇಡ’ ಎಂದು ತಾಕೀತು ಮಾಡಿದಳೇ ಹೊರತು ಹೆಚ್ಚಿಗೆ ಏನನ್ನೂ ಹೇಳಲಿಲ್ಲ.

ನಾನಿರುವುದು ಪಿಯೆಮೊಂತೆ ಪ್ರಾಂತ್ಯದಲ್ಲಿ. ಇಲ್ಲಿನವರಿಗೆ ಬರೊಲೊ, ಬಾರ್ಬರೆಸ್ಕೊ ಬಿಟ್ಟರೆ ಬೇರೆ ವೈನ್ ಕಣ್ಣಿಗೆ ಬೀಳುವುದಿಲ್ಲ. ಎರಡಕ್ಕೂ ನೆಬ್ಬಿಯೊಲೊ ಎಂಬ ಒಂದೇ ದ್ರಾಕ್ಷಿ. ಹಲವು ದ್ರಾಕ್ಷಿ ಸೇರಿಸಿದ ವೈನ್ ಎಂದರೆ ಇಲ್ಲಿ ಒಂದು ಮೆಟ್ಟಿಲು ಕೆಳಗೆ ಎಂಬ ಭಾವನೆಯಿದೆ. ನಮ್ಮ ಬೀದಿಯ ವೈನ್ ಅಂಗಡಿಯಲ್ಲಿ ವಿಚಾರಿಸಿದರೆ ‘ಸಿಸಿಲಿಯದು, ಬಿಸಿಲಿನ ವೈನ್, ಬೇಗ ಕುಡಿದು ಮುಗಿಸಿ’ ಎಂದರು. ಗೆಳತಿಯ ಮಾತಿಗೂ ಇವರ ಮಾತಿಗೂ ತಾಳೆಯಾಗುವುದಿಲ್ಲ.

ನನಗೆ ತಿಳಿಯಬೇಕಾದದ್ದು ಇಷ್ಟು. ಇದು ಇಷ್ಟು ವರ್ಷ ತಡೆಯುವ ವೈನೇ? ಯಾಕೆ ಅಷ್ಟೊಂದು ದ್ರಾಕ್ಷಿಗಳನ್ನು ಬೆರೆಸುತ್ತಾರೆ? ಮನೆಯಲ್ಲಿ ನಾವು ಸಸ್ಯಾಹಾರಿಗಳು, ಇದರ ಜೊತೆ ಏನು ಊಟ ಹೊಂದುತ್ತದೆ? ಎಲ್ಲಿ ಹುಡುಕಿದರೂ ಅದೇ ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ವೈನ್ ಬಗ್ಗೆ ಪುಟಗಟ್ಟಲೆ ಸಿಗುತ್ತದೆ, ಫಾರೊ ಬಗ್ಗೆ ನಾಲ್ಕು ಸಾಲಿಗಿಂತ ಹೆಚ್ಚು ಸಿಗುವುದಿಲ್ಲ.

ಬಸವನಗುಡಿ, ಲಂಡನ್

ಫಾರೊ ನಾನು ಕುಡಿದಿದ್ದೇನೆ, ಪಲಾರಿ ಅಲ್ಲ, ಬೇರೆ ವೈನ್ ಮನೆಯದು. ಬಣ್ಣ ತೆಳು, ಹುಳಿ ಜಾಸ್ತಿ. ಮುಖ್ಯ ದ್ರಾಕ್ಷಿ ಎಟ್ನಾದ್ದೇ ತಾನೆ, ನೆರೆಲ್ಲೊ ಮಸ್ಕಲೇಸೆ. ಅದೇ ದುಡ್ಡಿಗೆ ಒಳ್ಳೆಯ ಎಟ್ನಾ ರೊಸ್ಸೊ ಸಿಗುವಾಗ ಅದರ ನೆರಳಿನಂತಿರುವ ವೈನ್ ಯಾಕೆ ಎಂಬುದು ನನ್ನ ಅಭಿಪ್ರಾಯ. ಆದರೆ ಕೈಯಲ್ಲಿ ಇರುವ ಬಾಟಲಿಯನ್ನು ಖಂಡಿತ ಕುಡಿಯಿರಿ. ಹತ್ತು ವರ್ಷ ಆಗಿದ್ದರೆ ಇನ್ನು ಇಟ್ಟುಕೊಂಡು ಕಾಯುವ ಅಗತ್ಯವಿಲ್ಲ ಎನಿಸುತ್ತದೆ.

ಅಘನಾಶಿನಿ, ಮೆಸ್ಸಿನಾ

ಮಲಪ್ರಭಾ ಅವರೇ, ನಿಮ್ಮ ಗೆಳತಿ ಕೊಟ್ಟಿರುವುದು ಸಾಮಾನ್ಯ ಉಡುಗೊರೆಯಲ್ಲ. ನಾನು ಕುಮಟಾ ಕಡೆಯವನು. ಓದಲೆಂದು ಮೆಸ್ಸಿನಾ ವಿಶ್ವವಿದ್ಯಾಲಯಕ್ಕೆ ಬಂದವನು ಇಲ್ಲಿಯೇ ನಿಂತೆ. ಈಗ ಬಂದರಿನ ಹತ್ತಿರದ ವೈನ್ ಅಂಗಡಿಯೊಂದರಲ್ಲಿ ಕೆಲಸ. ಪ್ರವಾಸಿ ಹಡಗು ಬಂದ ದಿನ ಜನ ಇಳಿದು ಬಂದು ಮೊದಲು ಕೇಳುವುದು ಎಟ್ನಾ ವೈನನ್ನು. ಅವರು ನಿಂತಿರುವ ಊರಿನ ವೈನ್ ಫಾರೊ. ಅದನ್ನು ಹೆಸರು ಹಿಡಿದು ಕೇಳುವವರು ಬೆರಳೆಣಿಕೆಯಷ್ಟು. ಇದು ನನ್ನನ್ನು ದಿನವೂ ಕಾಡುವ ವಿಷಯ, ಆದ್ದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಬಸವನಗುಡಿಯವರ ಮಾತಿನಿಂದಲೇ ತೊಡಗುತ್ತೇನೆ, ಏಕೆಂದರೆ ಇಟಲಿಯಲ್ಲೂ ಹೆಚ್ಚಿನವರು ಇದನ್ನೇ ಹೇಳುತ್ತಾರೆ. ಮುಖ್ಯ ದ್ರಾಕ್ಷಿ ಒಂದೇ ಎಂಬುದು ನಿಜ. ಆದರೆ ಎಟ್ನಾ ರೊಸ್ಸೊಗೆ ನೆರೆಲ್ಲೊ ಮಸ್ಕಲೇಸೆ ಕನಿಷ್ಠ ಶೇಕಡ 80 ಇರಬೇಕು ಎಂಬುದು ನಿಯಮ. ಫಾರೊದಲ್ಲಿ ಅದು ಶೇಕಡ 45ರಿಂದ 60. ಅದರ ಜೊತೆಗೆ ನೆರೆಲ್ಲೊ ಕಪ್ಪುಚ್ಚೊ ಶೇಕಡ 15ರಿಂದ 30, ನೊಚೇರಾ ಶೇಕಡ 5ರಿಂದ 10. ಉಳಿದ ಜಾಗಕ್ಕೆ ನೆರೊ ದಾವೊಲಾ, ಗಾಲ್ಯೊಪ್ಪೊ, ಸಾಂಜೊವೇಸೆ ಶೇಕಡ 15ರವರೆಗೆ ಸೇರಬಹುದು. ಅಂದರೆ ಇಲ್ಲಿ ಬೆರಕೆ ಎಂಬುದು ಮನೆ ಮನೆಯ ಇಷ್ಟಕ್ಕೆ ಬಿಟ್ಟ ವಿಷಯವಲ್ಲ, ವೈನಿಗೆ ಆ ಹೆಸರು ದಕ್ಕಬೇಕಾದರೆ ಬೆರಕೆ ಇರಲೇಬೇಕು. ನೆಲವೂ ಬೇರೆ. ಎಟ್ನಾದ್ದು ಲಾವಾ ಪುಡಿಯಾದ ಕಪ್ಪು ಮಣ್ಣು. ಇಲ್ಲಿ ಪೆಲೊರಿತಾನಿ ಬೆಟ್ಟಸಾಲಿನ ಮರಳು ಮಿಶ್ರಿತ ತಿಳಿ ಮಣ್ಣು, ಲಾವಾದ ಸುಳಿವಿಲ್ಲ. ಎಟ್ನಾದ ಎತ್ತರದ ತೋಟಗಳು ಸಾವಿರ ಮೀಟರ್ ಮುಟ್ಟುತ್ತವೆ, ಇಲ್ಲಿನವು ಅದರ ಅರ್ಧಕ್ಕೂ ಏರುವುದು ಕಷ್ಟ. ಆದರೆ ಕಾಲಬುಡದಲ್ಲಿ ಸಮುದ್ರ.

ಕುಡಿಯುವವರು ಗಮನಿಸಬೇಕಾದದ್ದು ಆ ಸಣ್ಣ ಪಾಲಿನ ನೊಚೇರಾವನ್ನು. ಫಾರೊವನ್ನು ಫಾರೊ ಮಾಡುವುದು ಅದೇ ಎಂಬುದು ನನ್ನ ದೃಢವಾದ ನಂಬಿಕೆ. ಒಂದು ಚಳಿಗಾಲದಲ್ಲಿ ಸಣ್ಣ ಬೆಳೆಗಾರರೊಬ್ಬರು ತಮ್ಮ ನೆಲಮಾಳಿಗೆಯಲ್ಲಿ ಮೂರೂ ದ್ರಾಕ್ಷಿಯ ವೈನನ್ನು ಬೇರೆ ಬೇರೆ ತೊಟ್ಟಿಗಳಿಂದ ತೆಗೆದು ನನಗೆ ರುಚಿ ತೋರಿಸಿದರು. ಮಸ್ಕಲೇಸೆ ತೆಳುಗೆಂಪು, ಗ್ಲಾಸಿನ ಆಚೆ ಹಿಡಿದ ಬೆರಳು ಕಾಣುವಷ್ಟು ತಿಳಿ. ಒಣಗಿದ ಕಿತ್ತಳೆ ಸಿಪ್ಪೆಯ ಪರಿಮಳ. ಬಾಯಿಗೆ ಹಾಕಿದ ಮೇಲೆ ಗೊತ್ತಾಗುತ್ತದೆ ಅದರ ಒಗರು ಎಂಥದೆಂದು. ವಸಡನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಕಪ್ಪುಚ್ಚೊ ಮೆದು, ಬಣ್ಣ ಇನ್ನಷ್ಟು ಗಾಢ, ಒಗರು ಕಡಿಮೆ, ಆದರೆ ಒಂದು ಗುಟುಕಿನ ನಂತರ ಮಾತು ಮುಗಿಯಿತು ಎನಿಸುತ್ತದೆ. ಮೂರನೆಯ ಗ್ಲಾಸು ನೊಚೇರಾ. ಕಪ್ಪು ಎನ್ನಬಹುದಾದ ನೇರಳೆ ಬಣ್ಣ. ನಾಲಗೆಗೆ ತಾಗಿದ ಕೂಡಲೇ ದವಡೆಯ ಎರಡೂ ಬದಿಗಳಲ್ಲಿ ನೀರು ಒಸರುತ್ತದೆ, ಅಷ್ಟು ಹುಳಿ. ಅದನ್ನೇ ಒಂದು ಗ್ಲಾಸು ಪೂರ್ತಿ ಕುಡಿಯಲು ನನ್ನಿಂದ ಆಗಲಿಲ್ಲ. ಬಳಿಕ ಅವರು ಅಳತೆಯ ಕೊಳವೆಯಲ್ಲಿ ಮೂರನ್ನೂ ಬೆರೆಸಿದರು. ಮೊದಲು ನೊಚೇರಾ ಇಲ್ಲದೆ, ಆಮೇಲೆ ಅದರ ಸಣ್ಣ ಪಾಲು ಹಾಕಿ. ನೊಚೇರಾ ಇಲ್ಲದ್ದು ಒಳ್ಳೆಯ ವೈನೇ, ಆದರೆ ಮಂದವಾಗಿ ಕೂತಿತ್ತು. ಸೇರಿದ ಕೂಡಲೇ ಮಸ್ಕಲೇಸೆಯ ಪರಿಮಳ ಮೇಲೆದ್ದಿತು. ನಮ್ಮ ಕಡೆ ಸಾರಿಗೆ ಮುರುಗಲು ಸಿಪ್ಪೆ ಹಾಕುತ್ತೇವಲ್ಲ, ಅಷ್ಟೇ ಪ್ರಮಾಣ, ಅಂಥದೇ ಕೆಲಸ.

ನೆರೆಲ್ಲೊ ಮಸ್ಕಲೇಸೆಗೆ ಆ ಹೆಸರು ಎಟ್ನಾದ ಬುಡದ ಮಸ್ಕಾಲಿ ಬಯಲಿನಿಂದ ಬಂದದ್ದು. ವಂಶವಾಹಿ ಪರೀಕ್ಷೆಯಲ್ಲಿ ಅದು ಸಾಂಜೊವೇಸೆ ಮತ್ತು ಮಂತೊನಿಕೊ ಬಿಯಾಂಕೊ ಎಂಬ ಬಿಳಿ ದ್ರಾಕ್ಷಿಯ ಸಂತಾನ ಎಂದು ಕಂಡುಬಂದಿದೆ. ಮೆಸ್ಸಿನಾ ಜಲಸಂಧಿಯ ಆಚೆ, ಇಟಲಿಯ ಮುಖ್ಯನೆಲದ ಕಲಾಬ್ರಿಯಾದಲ್ಲಿ ಬೆಳೆಯುವ ಗಾಲ್ಯೊಪ್ಪೊಗೂ ಅದೇ ತಂದೆ ತಾಯಿ. ನೊಚೇರಾ ಮಾತ್ರ ಈ ಮೂಲೆಯ ಸ್ವಂತ ಹಣ್ಣು. ಮೆಸ್ಸಿನಾ ಸುತ್ತಮುತ್ತ, ಮಿಲಾಟ್ಸೊ ಕಡೆಯ ಮಮೆರ್ತಿನೊ ಪ್ರದೇಶ, ಎದುರು ದಡದ ಕಲಾಬ್ರಿಯಾ ಬಿಟ್ಟರೆ ಅದನ್ನು ಕಾಣುವುದು ಅಪರೂಪ.

ಈ ಪ್ರದೇಶದ ವೈನಿಗೆ ಹಿಂದೆಂದೂ ಹೆಸರಿರಲಿಲ್ಲ ಎಂದುಕೊಳ್ಳಬೇಡಿ. ಜೂಲಿಯಸ್ ಸೀಸರ್ ತನ್ನ ಮೂರನೆಯ ಕಾನ್ಸಲ್ ಅವಧಿಯ ಔತಣದಲ್ಲಿ ಬಡಿಸಿದ ನಾಲ್ಕು ವೈನುಗಳಲ್ಲಿ ಮೆಸ್ಸಿನಾದ ಮಮೆರ್ತಿನೊ ಒಂದು ಎಂದು ಪ್ರಾಚೀನ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ತೋಟಗಳನ್ನು ಫಿಲಾಕ್ಸೆರಾ ಎಂಬ ಬೇರು ಹೇನು ತಿಂದುಹಾಕಿದಾಗ ಅಲ್ಲಿನ ವರ್ತಕರು ಬಣ್ಣ ಮತ್ತು ಬಲಕ್ಕಾಗಿ ಸಿಸಿಲಿಯ ಕೆಂಪು ವೈನನ್ನು ಪೀಪಾಯಿಗಟ್ಟಲೆ ಕೊಂಡರು. ಮೆಸ್ಸಿನಾ ಬೆಟ್ಟಗಳ ತುಂಬ ಬಳ್ಳಿಯಿದ್ದ ಕಾಲ ಅದು. ಆಮೇಲೆ ಒಂದರ ಬೆನ್ನಿಗೆ ಒಂದು ಹೊಡೆತ. 1880ರಲ್ಲಿ ಅದೇ ಹೇನು ಸಿಸಿಲಿಯಲ್ಲೂ ಕಾಣಿಸಿಕೊಂಡಿತು. 1888ರ ಹೊತ್ತಿಗೆ ಇಟಲಿ ಮತ್ತು ಫ್ರಾನ್ಸ್ ನಡುವೆ ಸುಂಕದ ಜಗಳ ಹತ್ತಿ ಆ ಮಾರುಕಟ್ಟೆಯೇ ಮುಚ್ಚಿತು. ಕೊನೆಗೆ 1908ರ ಡಿಸೆಂಬರ್ 28ರ ಬೆಳಗಿನ ಜಾವದ ಭೂಕಂಪ, ಅದರ ಹಿಂದೆಯೇ ಸುನಾಮಿ. ಮೆಸ್ಸಿನಾ ನಗರ ಬಹುಪಾಲು ನೆಲಸಮವಾಯಿತು. ಕೊಳ್ಳುವವರು, ಮಾರುವವರು, ಬಂದರು, ಗೋದಾಮು ಯಾವುದೂ ಉಳಿಯದ ಮೇಲೆ ಬೆಟ್ಟದ ತೋಟ ಯಾರಿಗಾಗಿ? 1976ರಲ್ಲಿ ಫಾರೊಗೆ ಡಿಒಸಿ, ಅಂದರೆ ನಿಯಮ ಪಾಲಿಸಿದ ವೈನಿಗೆ ಪ್ರದೇಶದ ಹೆಸರು ಬಳಸಲು ಕೊಡುವ ಸರ್ಕಾರಿ ಮಾನ್ಯತೆ, ಸಿಕ್ಕಿತು. ಆದರೆ ಎಂಬತ್ತರ ದಶಕದ ಕೊನೆಗೆ ಆ ಹೆಸರಿನಲ್ಲಿ ತಯಾರಾಗುವ ವೈನ್ ಇಲ್ಲವೆನ್ನುವಷ್ಟು ಇಳಿದಿತ್ತು, ಮಾನ್ಯತೆಯೇ ರದ್ದಾಗುವ ಸ್ಥಿತಿ.

ನಿಮ್ಮ ಬಾಟಲಿಯ ಕಥೆ ಇಲ್ಲಿಂದ ಮುಂದಿನದು. ಸಾಲ್ವತೋರೆ ಜೆರಾಚಿ ಎಂಬುವರು ವೃತ್ತಿಯಲ್ಲಿ ವಾಸ್ತುಶಿಲ್ಪಿ. ಮೆಸ್ಸಿನಾದ ದಕ್ಷಿಣಕ್ಕೆ ಸಾಂತೊ ಸ್ತೆಫಾನೊ ಬ್ರಿಗಾ ಎಂಬ ಹಳ್ಳಿಯಲ್ಲಿ ಅವರ ಮನೆತನದ ಹದಿನೆಂಟನೆಯ ಶತಮಾನದ ದೊಡ್ಡ ಮನೆ, ಅದರ ಮೇಲಿನ ಇಳಿಜಾರಿನಲ್ಲಿ ಹಳೆಯ ತೋಟ. ಇಟಲಿಯ ಹೆಸರಾಂತ ವೈನ್ ಬರಹಗಾರ ಲುಯಿಜಿ ವೆರೊನೆಲ್ಲಿ ‘ಫಾರೊ ಸಾಯಲು ಬಿಡಬಾರದು’ ಎಂದು ಅವರ ಬೆನ್ನು ಹತ್ತಿದರು. ತೊಂಬತ್ತರ ದಶಕದಲ್ಲಿ ಜೆರಾಚಿ, ವೈನ್ ತಜ್ಞ ದೊನಾತೊ ಲನಾತಿ ಅವರ ನೆರವಿನೊಂದಿಗೆ ಪಲಾರಿಯನ್ನು ಹೊರತಂದರು. ಗಾಂಬೆರೊ ರೊಸ್ಸೊ ಎಂಬ ಇಟಲಿಯ ವೈನ್ ಕೈಪಿಡಿಯ ಅತ್ಯುನ್ನತ ‘ಮೂರು ಗ್ಲಾಸು’ ಗೌರವ ಅದಕ್ಕೆ ಹಲವು ಸಲ ಸಂದಿದೆ. ವಿಮರ್ಶಕರು ಮೆಚ್ಚಿದರೂ ಅಂಗಡಿಗಳಲ್ಲಿ ಕೇಳುವವರಿಲ್ಲ ಎಂಬುದೇ ನನ್ನ ಸಂಕಟ. ಪಲಾರಿಯ ತೋಟದಲ್ಲಿ ಮೂರು ಮುಖ್ಯ ದ್ರಾಕ್ಷಿಗಳ ಜೊತೆ ಅಚಿತಾನಾ, ಜಕ್ಕೆ ಎಂಬ ಮರೆತುಹೋದ ಸ್ಥಳೀಯ ತಳಿಗಳೂ ಅಲ್ಲಲ್ಲಿ ನಿಂತಿವೆ. ಅವುಗಳ ಹಣ್ಣೂ ವೈನಿಗೆ ಸೇರುತ್ತದೆ.

ಈ ತೋಟಗಳಿಗೆ ಟ್ರ್ಯಾಕ್ಟರ್ ಹತ್ತುವುದಿಲ್ಲ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಕಟ್ಟಿದ ಗೋಡೆ, ಅದರ ಹಿಂದೆ ಕೋಣೆಯಗಲದ ಮಣ್ಣು, ಮತ್ತೆ ಗೋಡೆ. ಈ ಗೋಡೆಗಳಿಗೆ ಇಲ್ಲಿನ ಜನ ‘ಅರ್ಮಚಿಯೆ’ ಎನ್ನುತ್ತಾರೆ. ಕೊಯ್ಲಿಗೆ ಹೋದಾಗ ನಾನು ಕಂಡದ್ದು, ಹಣ್ಣಿನ ಕ್ರೇಟು ಹೊತ್ತವರಿಗಿಂತ ಮುಂದೆ ಒಬ್ಬ ಮುದುಕರು ಬರಿಗೈಯಲ್ಲಿ ನಡೆಯುತ್ತಿದ್ದರು. ಗೋಡೆಯಿಂದ ಉದುರಿದ ಪ್ರತಿಯೊಂದು ಕಲ್ಲನ್ನೂ ಎತ್ತಿ, ಎರಡು ಮೂರು ಬಗೆಯಲ್ಲಿ ತಿರುಗಿಸಿ ನೋಡಿ, ಸರಿಯಾಗಿ ಕೂರುವ ಮಗ್ಗುಲು ಸಿಕ್ಕ ಮೇಲೆ ಅಂಗೈಯಿಂದ ಗುದ್ದಿ ಕೂರಿಸಿ ಮುಂದೆ ಹೋಗುತ್ತಿದ್ದರು. ಕೊಯ್ಲು ಮುಗಿಯುವವರೆಗೂ ಅವರಿಗೆ ಅದೊಂದೇ ಕೆಲಸ. ಅದರ ಬೆಲೆ ಗೊತ್ತಾಗಬೇಕಾದರೆ 2009ರ ಅಕ್ಟೋಬರ್ 1ನ್ನು ನೆನೆಯಬೇಕು. ಒಂದೇ ಸಂಜೆಯ ಮಳೆಗೆ ಇದೇ ಬೆಟ್ಟಸಾಲು ಜಂಪಿಲಿಯೆರಿ ಮತ್ತು ಅಕ್ಕಪಕ್ಕದ ಹಳ್ಳಿಗಳ ಮೇಲೆ ಕುಸಿದು 30ಕ್ಕೂ ಹೆಚ್ಚು ಜನ ಸತ್ತರು. ನಿಮ್ಮ ಬಾಟಲಿಯ ತೋಟದಿಂದ ಅದು ಬಹಳ ದೂರವಿಲ್ಲ. ನೋಡಿಕೊಳ್ಳುವವರಿಲ್ಲದ ಗೋಡೆ ನೀರು ಹಿಡಿಯುವುದಿಲ್ಲ ಎಂದು ಇಲ್ಲಿನ ಹಿರಿಯರು ಅಂದಿನಿಂದ ಹೇಳುತ್ತಲೇ ಇದ್ದಾರೆ.

ಇನ್ನು ನಿಮ್ಮ ಪ್ರಶ್ನೆಗಳು. ಹತ್ತು ವರ್ಷ ಪಲಾರಿಗೆ ಹೆಚ್ಚೇನಲ್ಲ, ಒಳ್ಳೆಯ ವಯಸ್ಸು. ಮಸ್ಕಲೇಸೆಯ ಒಗರು ಮಾಗಲು ಕಾಲ ಬೇಕು, ನೊಚೇರಾದ ಹುಳಿ ಅಷ್ಟು ಕಾಲ ವೈನನ್ನು ಕೆಡದಂತೆ ಕಾಯುತ್ತದೆ. ತೆರೆಯುವ ಹಿಂದಿನ ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಿ, ಚರಟ ತಳಕ್ಕೆ ಇಳಿಯಲಿ. ಮುಚ್ಚಳದ ಬಿರಟೆ ಹಳತಾಗಿರುತ್ತದೆ, ನಿಧಾನವಾಗಿ ಎಳೆಯಿರಿ. 16ರಿಂದ 17 ಡಿಗ್ರಿ ಇದ್ದರೆ ಸಾಕು. ಮನೆಯ ಹೀಟರ್ ಪಕ್ಕದ ಕಪಾಟಿನಿಂದ ನೇರವಾಗಿ ತೆಗೆದು ಕುಡಿದರೆ ಆಲ್ಕೋಹಾಲ್ ಮಾತ್ರ ಮೂಗಿಗೆ ಬಡಿಯುತ್ತದೆ. ಒಂದು ಗಂಟೆ ಮೊದಲು ತೆರೆದಿಡಿ, ಜಗ್ಗಿಗೆ ಸುರಿದು ಕಲಕುವುದು ಬೇಡ. ತೆಳು ಬಣ್ಣ ನೋಡಿ ವೈನ್ ಸೋತಿದೆ ಎಂದುಕೊಳ್ಳಬೇಡಿ. ನೆಬ್ಬಿಯೊಲೊ ಕುಡಿದು ಅಭ್ಯಾಸವಿರುವ ನಿಮಗೆ ಇದು ಹೊಸದಾಗಲಾರದು. ಬಸವನಗುಡಿಯವರಿಗೆ ಸಿಕ್ಕಿದ್ದು ಎಳೆಯ ಬಾಟಲಿ ಇರಬಹುದು. ಊಟವಿಲ್ಲದೆ ಕುಡಿದರಂತೂ ಆ ಹುಳಿ ಒಂಟಿಯಾಗಿ ನಿಲ್ಲುತ್ತದೆ.

ಊಟಕ್ಕೆ ಬಂದರೆ, ಮೆಸ್ಸಿನಾದವರು ಇದನ್ನು ಮೀನಿನ ಜೊತೆಗೂ ಕುಡಿಯುತ್ತಾರೆ. ಟೊಮೆಟೊ, ಆಲಿವ್, ಕೇಪರ್ ಮೊಗ್ಗು ಹಾಕಿ ಬೇಯಿಸಿದ ಕತ್ತಿಮೀನು ಇಲ್ಲಿನ ಹಬ್ಬದೂಟ. ಸಸ್ಯಾಹಾರಕ್ಕೆ ಬದನೆಕಾಯಿಯೇ ಸರಿ. ಟೊಮೆಟೊ ಮತ್ತು ಚೀಸ್ ಪದರ ಹಾಕಿ ಬೇಯಿಸಿದ ಪಾರ್ಮಿಜಾನಾ ಕಣ್ಣು ಮುಚ್ಚಿ ಹೊಂದುತ್ತದೆ. ನೀವು ಉತ್ತರ ಕರ್ನಾಟಕದವರು ಎಂದು ಹೆಸರು ಹೇಳುತ್ತದೆ, ಶೇಂಗಾ ಮತ್ತು ಎಳ್ಳು ಹಾಕಿದ ಎಣ್ಣೆಗಾಯಿಯ ಜೊತೆಗೂ ನಾನು ಕುಡಿದು ನೋಡಿದ್ದೇನೆ, ಬಹಳ ಚೆನ್ನಾಗಿತ್ತು. ಆದರೆ ಖಾರ ಅರ್ಧಕ್ಕಿಳಿಸಿ. ಖಾರ ಏರಿದರೆ ಒಗರೂ ಆಲ್ಕೋಹಾಲೂ ನಾಲಗೆಯ ಮೇಲೆ ಉರಿಯುತ್ತವೆ. ಕುರಿಹಾಲಿನ ಹಳೆಯ ಚೀಸ್ ಒಂದು ತುಂಡು ಇಟ್ಟುಕೊಳ್ಳಿ, ಸಿಕ್ಕರೆ ಮೆಸ್ಸಿನಾ ಬೆಟ್ಟದ ಮಯೊರ್ಕಿನೊ.

ಬಸವನಗುಡಿ, ಲಂಡನ್

ಹೌದು, ನಾನು ಕುಡಿದದ್ದು ಬಿಡುಗಡೆಯಾದ ಹೊಸತರಲ್ಲಿ, ಬರೀ ಬಾದಾಮಿ ಜೊತೆ. ಎಟ್ನಾದ ಮೇಲಿನ ನನ್ನ ಪ್ರೀತಿ ಬದಲಾಗಿಲ್ಲ, ಆದರೆ ನೊಚೇರಾ ವಿಷಯ ನನಗೆ ಹೊಸದು. ಪಲಾರಿಯ ಬೆಲೆ ಕೇಳಿದರೆ ಕೈ ಹಿಂದೆ ಸರಿಯುತ್ತದೆ. ಅದಕ್ಕಿಂತ ಕಡಿಮೆ ಬೆಲೆಗೆ ಈ ರುಚಿ ತಿಳಿಯಲು ದಾರಿಯಿದೆಯೇ?

ತಿಕೋಟಾ ರೈತ, ವಿಜಯಪುರ

ಅಘನಾಶಿನಿ ಅವರೇ, ನಾನು ವೈನ್ ಕುಡಿಯುವವನಲ್ಲ, ದ್ರಾಕ್ಷಿ ಬೆಳೆಯುವವನು. ನಮ್ಮದು ಥಾಮ್ಸನ್ ಸೀಡ್‌ಲೆಸ್, ಬಹುಪಾಲು ಒಣದ್ರಾಕ್ಷಿ ಮಾಡುತ್ತೇವೆ. ಗೋಡೆ ಕಟ್ಟುವ ಮುದುಕರ ಸಂಗತಿ ಓದಿ ಮನಸ್ಸು ತುಂಬಿತು, ನಮ್ಮಲ್ಲೂ ಬದು ಹಾಕುವ ಹಿರಿಯರು ಇದ್ದರು.

ನನಗೆ ಕೆಲವು ಸಂಶಯಗಳಿವೆ. ಅಲ್ಲಿ ಚಪ್ಪರವಿಲ್ಲದೆ ಬಳ್ಳಿ ಹೇಗೆ ನಿಲ್ಲುತ್ತದೆ? ಸಮುದ್ರದ ಪಕ್ಕ ಎಂದರೆ ಗಾಳಿಯಲ್ಲಿ ತೇವ ಇರುತ್ತದೆ, ಡೌನಿ ಎಂಬ ಶಿಲೀಂಧ್ರ ರೋಗ ಮತ್ತು ಬೂದಿ ರೋಗ ಬಿಡುವುದಿಲ್ಲವಲ್ಲ? ನಾವು ಏಪ್ರಿಲ್ಲಿನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು, ವರ್ಷಕ್ಕೆ ಎರಡು ಚಾಟಣಿ (ಬಳ್ಳಿಯ ಕೊಂಬೆ ಕತ್ತರಿಸುವುದು) ಮಾಡುತ್ತೇವೆ, ಅವರದೂ ಹಾಗೆಯೇ? ನಮ್ಮಲ್ಲಿ ನೀರಿನ ಬರಕ್ಕೂ ಸವುಳು ನೆಲಕ್ಕೂ ತಡೆಯಲೆಂದು ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಮಾಡುತ್ತೇವೆ, ಅಲ್ಲಿ ಕಸಿ ಇದೆಯೇ? ಟ್ರ್ಯಾಕ್ಟರ್ ಹತ್ತದ ಭೂಮಿಯಲ್ಲಿ ಕೂಲಿ ಕೊಟ್ಟು ರೈತನಿಗೆ ಏನು ಉಳಿಯುತ್ತದೆ ಎಂಬುದನ್ನೂ ದಯವಿಟ್ಟು ತಿಳಿಸಿ.

ಅಘನಾಶಿನಿ, ಮೆಸ್ಸಿನಾ

ತಿಕೋಟಾದವರಿಗೆ ನಮಸ್ಕಾರ. ನಿಮ್ಮ ಪ್ರಶ್ನೆಗಳನ್ನು ಒಯ್ದು ನಾನು ಹೋಗುವ ತೋಟದವರನ್ನೇ ಕೇಳಿದೆ, ಅವರಿಗೆ ಬಹಳ ಖುಷಿಯಾಯಿತು. ವರ್ಷಕ್ಕೆ ಎರಡು ಚಾಟಣಿ ಎಂದಾಗ ನಂಬಲಿಲ್ಲ, ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಇಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ಆಗ ಒಂದೇ ಚಾಟಣಿ. ಹಣ್ಣೂ ವರ್ಷಕ್ಕೆ ಒಂದೇ ಬೆಳೆ, ಮಸ್ಕಲೇಸೆ ತಡವಾಗಿ ಮಾಗುವ ತಳಿಯಾದ್ದರಿಂದ ಅಕ್ಟೋಬರ್‌ವರೆಗೆ ಕಾಯಬೇಕು.

ಚಪ್ಪರದ ಬದಲು ಇಲ್ಲಿ ಪ್ರತಿ ಬಳ್ಳಿಯೂ ಒಂಟಿ ಗಿಡ. ಮೊಣಕಾಲೆತ್ತರಕ್ಕೆ ಕಾಂಡವನ್ನು ಮೊಟಕುಗೊಳಿಸಿ, ಮೂರು ನಾಲ್ಕು ತೋಳು ಬಿಟ್ಟು, ಪಕ್ಕದಲ್ಲಿ ಒಂದು ಮರದ ಗೂಟ ನೆಟ್ಟು ಚಿಗುರನ್ನು ಅದಕ್ಕೆ ಕಟ್ಟುತ್ತಾರೆ. ಇದಕ್ಕೆ ‘ಅಲ್ಬೆರೆಲ್ಲೊ’ ಪದ್ಧತಿ ಎಂದು ಹೆಸರು. ಸಿಸಿಲಿಗೆ ಸೇರಿದ ಪಂತೆಲ್ಲೆರಿಯಾ ದ್ವೀಪದಲ್ಲಿ ಇದನ್ನು ಮಾಡುವ ಕ್ರಮವನ್ನು 2014ರಲ್ಲಿ ಯುನೆಸ್ಕೊ ಪಾರಂಪರಿಕ ಪಟ್ಟಿಗೆ ಸೇರಿಸಿತು. ಗಾರೆಯಿಲ್ಲದ ಕಲ್ಲುಗೋಡೆ ಕಟ್ಟುವ ಕಲೆಗೆ 2018ರಲ್ಲಿ ಇಟಲಿಯೂ ಸೇರಿದಂತೆ ಹಲವು ದೇಶಗಳ ಪರವಾಗಿ ಅದೇ ಮನ್ನಣೆ ಬಂತು. ಚಪ್ಪರ ಬಿಸಿಲಿಗೆ ನೆರಳು, ಇಳುವರಿಗೆ ಜಾಗ. ಗಿಡ್ಡ ಗಿಡದಲ್ಲಿ ಇಳುವರಿ ಬಹಳ ಕಡಿಮೆ, ಆದರೆ ಗಾಳಿಗೆ ಮುರಿಯುವುದಿಲ್ಲ, ನೀರು ಹಾಯಿಸದೆಯೂ ಬದುಕುತ್ತದೆ.

ಗಾಳಿ ಇಲ್ಲಿ ದೊಡ್ಡ ವಿಷಯ. ಜಲಸಂಧಿಯ ಅತಿ ಕಿರಿದಾದ ಜಾಗ ಸುಮಾರು 3 ಕಿಲೋಮೀಟರ್. ಎರಡೂ ಕಡೆ ಬೆಟ್ಟ. ಆ ಕಿಂಡಿಯಲ್ಲಿ ಗಾಳಿ ನುಗ್ಗಿ ಬರುತ್ತದೆ, ಉತ್ತರದಿಂದ ಒಣಗಾಳಿ, ಆಫ್ರಿಕಾ ಕಡೆಯಿಂದ ಶಿರೊಕ್ಕೊ ಎಂಬ ಬಿಸಿಗಾಳಿ. ಮಳೆಯಾದ ಮರುದಿನವೇ ಎಲೆ ಒಣಗಿರುತ್ತದೆ. ಬೇಸಿಗೆಯಲ್ಲಿ ಮಳೆ ಬಹಳ ಅಪರೂಪ, ಆದ್ದರಿಂದ ಡೌನಿ ನಿಮ್ಮಲ್ಲಿನಷ್ಟು ಕಾಡುವುದಿಲ್ಲ. ಬೂದಿ ರೋಗ ಇದ್ದೇ ಇದೆ, ಗಂಧಕದ ಪುಡಿ ಎರಚುತ್ತಾರೆ. ತೊಂದರೆ ಕೊಡುವುದು ಕೊಯ್ಲಿನ ಹೊತ್ತಿಗೆ ಶುರುವಾಗುವ ಶರತ್ಕಾಲದ ಮಳೆ. ಕೊಯ್ಲಿಗೆ ಇನ್ನೊಂದು ವಾರ ಬಿಟ್ಟರೆ ಮಸ್ಕಲೇಸೆಯ ಒಗರು ಹದಕ್ಕೆ ಬರುತ್ತದೆ, ಬಿಟ್ಟ ವಾರದಲ್ಲಿ ಮಳೆ ಹಿಡಿದರೆ ಹಣ್ಣು ಕೊಳೆಯುತ್ತದೆ. ಬೆಳೆಗಾರರು ಆ ದಿನಗಳಲ್ಲಿ ಆಕಾಶ ಬಿಟ್ಟು ಬೇರೆ ಮಾತಾಡುವುದಿಲ್ಲ.

ಕಸಿ ಇದೆ. ಇಲ್ಲಿ ಅದು ಬಂದದ್ದು ಬೇರು ಹೇನಿನಿಂದ ಪಾರಾಗಲು. ಆ ಹೇನು ಅಮೆರಿಕದ ಬೇರನ್ನು ಕೊಲ್ಲಲಾರದು, ಹಾಗಾಗಿ ಬೇರು ಅಮೆರಿಕದ್ದು, ಮೇಲಿನ ಬಳ್ಳಿ ಇಲ್ಲಿನದು. ಮರಳು ನೆಲದಲ್ಲಿ ಹೇನು ಹರಡುವುದು ಕಷ್ಟವಾದ್ದರಿಂದ ಅಲ್ಲಲ್ಲಿ ಬಹಳ ಹಳೆಯ ಗಿಡಗಳೂ ಉಳಿದಿವೆ.

ಕೊನೆಯ ಪ್ರಶ್ನೆಗೆ ನೇರ ಉತ್ತರ: ಬರೀ ಹಣ್ಣು ಮಾರಿದರೆ ಏನೂ ಉಳಿಯುವುದಿಲ್ಲ. ತೋಟಗಳು ಪಾಳು ಬಿದ್ದದ್ದೇ ಆ ಕಾರಣಕ್ಕೆ. ಇವತ್ತು ನಿಂತಿರುವವರು ತಾವೇ ವೈನ್ ಮಾಡಿ, ತಮ್ಮ ಹೆಸರಿನ ಬಾಟಲಿ ಮಾರುವವರು. ಹೆಚ್ಚಿನವರಿಗೆ ಬೇರೆ ಆದಾಯವೂ ಇದೆ. ಜೆರಾಚಿ ವಾಸ್ತುಶಿಲ್ಪಿ ಎಂದೆನಲ್ಲ. ಲೆ ಕಸೆಮಾತ್ತೆ ಎಂಬ ಮನೆಯ ಪಾಲುದಾರರಲ್ಲಿ ಒಬ್ಬರು 2006ರಲ್ಲಿ ಫುಟ್‌ಬಾಲ್ ವಿಶ್ವಕಪ್ ಗೆದ್ದ ಇಟಲಿ ತಂಡದಲ್ಲಿದ್ದ ಅಂದ್ರೆಯಾ ಬರ್ಝಾಲಿ. ಆ ತೋಟದೊಳಗೆ ಎರಡನೆಯ ಮಹಾಯುದ್ಧದ ಕಾಲದ ಕಾಂಕ್ರೀಟ್ ಕಾವಲುಕೋಣೆಗಳು ಇಂದಿಗೂ ಇವೆ, ಮನೆಗೆ ಹೆಸರು ಬಂದದ್ದು ಅವುಗಳಿಂದ. ಹೊರಗಿನ ದುಡ್ಡು ಬಂದರೂ ಗೋಡೆ ನಿಲ್ಲಲಿ ಎಂಬುದು ನನ್ನ ಮನಸ್ಸು. ಆದರೆ ಊರಿನ ಯುವಕರಿಗೆ ಈ ಕೆಲಸದಿಂದಲೇ ಹೊಟ್ಟೆ ತುಂಬುವ ದಿನ ಬಂದರೆ ಮಾತ್ರ ಇದು ಮುಂದಿನ ತಲೆಮಾರಿಗೆ ಉಳಿಯುತ್ತದೆ. ಅದಕ್ಕೆ ಜನ ಈ ವೈನನ್ನು ಕೇಳಿ ಕೊಳ್ಳಬೇಕು.

ಬಸವನಗುಡಿಯವರಿಗೆ: ಪಲಾರಿಯವರದೇ ‘ರೊಸ್ಸೊ ದೆಲ್ ಸೊಪ್ರಾನೊ’ ಎಂಬ ಎರಡನೆಯ ವೈನ್ ಇದೆ. ಅದೇ ಬೆಟ್ಟ, ಅವೇ ದ್ರಾಕ್ಷಿ, ಬೆಲೆ ಸಾಕಷ್ಟು ಕಡಿಮೆ. ಫಾರೊ ಎಂಬ ಹೆಸರು ಅದರ ಮೇಲೆ ಇರುವುದಿಲ್ಲ. ಫಾರೊ ಸುಪೆರಿಯೊರೆ ಹಳ್ಳಿಯ ಬೊನಾವಿತಾ ಅವರ ಫಾರೊವನ್ನೂ ಹುಡುಕಿ ನೋಡಿ. ಅದರಲ್ಲಿ ಪೀಪಾಯಿ ಮರದ ವಾಸನೆ ಮುಂದೆ ಬರುವುದಿಲ್ಲ, ಹಣ್ಣೇ ಮಾತಾಡುತ್ತದೆ. ನನ್ನ ಸ್ವಂತ ದುಡ್ಡಿನಲ್ಲಿ ನಾನು ಹೆಚ್ಚಾಗಿ ಕೊಳ್ಳುವುದು ಅದನ್ನೇ.

ಮಲಪ್ರಭಾ, ತುರಿನ್

ಇಷ್ಟು ಅಕ್ಕರೆಯಿಂದ ಬರೆದದ್ದಕ್ಕೆ ಏನು ಹೇಳಲಿ! ನಿಮ್ಮ ಬರಹವನ್ನು ಗೆಳತಿಗೆ ಇಟಾಲಿಯನ್ ಭಾಷೆಯಲ್ಲಿ ಓದಿ ಹೇಳಿದೆ. ಜಂಪಿಲಿಯೆರಿಯ ಹೆಸರು ಬಂದಾಗ ಸುಮ್ಮನಾದಳು, ಅವಳ ಸೋದರತ್ತೆಯ ಮನೆ ಆ ಕಡೆಯೇ ಅಂತೆ. ಬಾಟಲಿಯನ್ನು ಈಗ ತೆರೆಯುವುದಿಲ್ಲ, ದೀಪಾವಳಿಗೆ ಅವಳನ್ನೂ ಕರೆದು ಎಣ್ಣೆಗಾಯಿ ಮಾಡುತ್ತೇನೆ.

ಅಕ್ಟೋಬರ್ ಮೊದಲ ವಾರದಲ್ಲಿ ನಾವಿಬ್ಬರೂ ಸಿಸಿಲಿಗೆ ಬರುವುದಿದೆ. ಮೆಸ್ಸಿನಾದಲ್ಲಿ ಒಂದೇ ದಿನ ಸಿಗುತ್ತದೆ. ತೋಟ ನೋಡಲು ಬಿಡುತ್ತಾರೆಯೇ? ಎಲ್ಲಿಂದ ಶುರು ಮಾಡಬೇಕು?

ಅಘನಾಶಿನಿ, ಮೆಸ್ಸಿನಾ

ಖಂಡಿತ ಬನ್ನಿ. ರೈಲಿನಲ್ಲಿ ಬಂದರೆ ವಿಲ್ಲಾ ಸಾನ್ ಜೊವಾನ್ನಿಯಲ್ಲಿ ಬೋಗಿಗಳನ್ನೇ ಹಡಗಿನೊಳಗೆ ತಳ್ಳಿ ಜಲಸಂಧಿ ದಾಟಿಸುತ್ತಾರೆ, ಆಗ ಕೆಳಗೆ ಕೂರದೆ ಮೇಲಿನ ಅಟ್ಟಕ್ಕೆ ಹತ್ತಿ. ಬಲಗಡೆ ದೂರದಲ್ಲಿ ಎತ್ತರದ ಹಳೆಯ ವಿದ್ಯುತ್ ಗೋಪುರ ಕಾಣುತ್ತದೆ. ಅದರ ಬುಡವೇ ತೊರ್ರೆ ಫಾರೊ, ದೀಪಸ್ತಂಭವಿರುವ ತುದಿ.

ಒಂದೇ ದಿನವಾದರೆ ಉತ್ತರದ ಕಡೆ ಇಟ್ಟುಕೊಳ್ಳಿ. ಫಾರೊ ಸುಪೆರಿಯೊರೆಯ ಮೇಲಿನ ತೋಟಗಳಿಂದ ಒಂದು ಮಗ್ಗುಲಿಗೆ ಅಯೋನಿಯನ್ ಸಮುದ್ರ, ಇನ್ನೊಂದು ಮಗ್ಗುಲಿಗೆ ತಿರ್ರೇನಿಯನ್ ಸಮುದ್ರ, ಎರಡೂ ಕಾಣುತ್ತವೆ. ಆಕಾಶ ತಿಳಿಯಾಗಿದ್ದರೆ ಅಯೋಲಿಯನ್ ದ್ವೀಪಗಳೂ. ಊಟಕ್ಕೆ ಗನ್ಜಿರ್ರಿ ಕೆರೆಯ ದಂಡೆಗೆ ಇಳಿಯಿರಿ. ಅದು ಚಿಪ್ಪುಮೀನು ಸಾಕುವ ಕೆರೆ, ಆದರೆ ಹೋಟೆಲುಗಳಲ್ಲಿ ಬದನೆಕಾಯಿ ಕಪೊನಾತಾ ಸಿಗುತ್ತದೆ. ಸಾಂತೊ ಸ್ತೆಫಾನೊ ಬ್ರಿಗಾ ನಗರದ ಇನ್ನೊಂದು ತುದಿಯಲ್ಲಿದೆ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ವಾಹನದಲ್ಲಿಯೇ ಹೊತ್ತು ಹೋಗುತ್ತದೆ.

ಇವು ಟಿಕೆಟ್ ಕೊಟ್ಟು ನೋಡುವ ತೋಟಗಳಲ್ಲ, ಮನೆಯವರೇ ದುಡಿಯುವ ಜಾಗ. ಬರುವ ಮೊದಲು ಮಿಂಚಂಚೆ ಬರೆದು ಒಪ್ಪಿಗೆ ಪಡೆಯಿರಿ, ಗೆಳತಿಯ ಕೈಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು. ನೀವು ಬರುವ ಹೊತ್ತಿಗೆ ಕೊಯ್ಲು ನಡೆಯುತ್ತಿರಬಹುದು. ಹಾಗಿದ್ದರೆ ಮಧ್ಯಾಹ್ನ ಮೂರರ ನಂತರದ ಸಮಯ ಕೇಳಿ, ಬೆಳಿಗ್ಗೆ ಯಾರಿಗೂ ನಿಂತು ಮಾತನಾಡಲು ಬಿಡುವಿರುವುದಿಲ್ಲ. ಕಾಲಿಗೆ ಒಳ್ಳೆಯ ಹಿಡಿತದ ಬೂಟು ಹಾಕಿಕೊಳ್ಳಿ. ಗೋಡೆಯ ಅಂಚಿನ ಕಲ್ಲಿನ ಮೇಲೆ ಮಾತ್ರ ಕಾಲಿಡಬೇಡಿ.